ಓದುಗರ ಪ್ರಶ್ನೆ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಲು ಯಾವ ರಸ್ತೆ ಹಿಡಿಯಬೇಕು?

ಪ್ರಶ್ನೆ: ನಾವು ಸ್ಪರ್ಧೆಯ ಸವಾರರಲ್ಲ. ಭಾನುವಾರಗಳಂದು ಐವತ್ತು ಅರವತ್ತು ಕಿಲೋಮೀಟರ್ ತುಳಿಯುವ ಅಭ್ಯಾಸವಷ್ಟೇ ಇದೆ. ಫ್ರಾನ್ಸಿನ ಹಳೆಯ ಊರುಗಳನ್ನು ಸೈಕಲ್ ಮೇಲೆ ನೋಡುತ್ತ ಹೋಗುವ ಆಸೆಯಿದೆ. ಅಲ್ಲಿ ಯಾವ ರಸ್ತೆಯನ್ನು ಆರಿಸಿಕೊಳ್ಳಬೇಕು? ಕಾರು, ಲಾರಿಗಳ ಭಯವಿಲ್ಲವೇ?

ಉತ್ತರ: ಇಂಥ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಊರುಗಳ ಪಟ್ಟಿಯನ್ನು ಮೊದಲು ಮಾಡಿಕೊಂಡು, ಆಮೇಲೆ ಅವುಗಳನ್ನು ಜೋಡಿಸುವ ದಾರಿಯನ್ನು ಹುಡುಕುತ್ತಾರೆ. ಕಾರಿನಲ್ಲಿ ಹೋಗುವವರಿಗೆ ಆ ಕ್ರಮ ಸರಿಯಾದೀತು. ಸೈಕಲ್ ಸವಾರರು ಮೊದಲು ರಸ್ತೆಯನ್ನು ಆರಿಸಬೇಕು, ಏಕೆಂದರೆ ದಿನದ ಬಹುಪಾಲು ಕಳೆಯುವುದು ರಸ್ತೆಯ ಮೇಲೆಯೇ ಹೊರತು ಊರಿನ ಚೌಕದಲ್ಲಿ ಅಲ್ಲ. ಫ್ರಾನ್ಸಿನಲ್ಲಿ ಒಂದು ರಸ್ತೆ ಎಂಥದ್ದೆಂಬುದನ್ನು ಅಲ್ಲಿಗೆ ಹೋಗುವ ಮೊದಲೇ ಬಹುಮಟ್ಟಿಗೆ ತಿಳಿದುಕೊಳ್ಳಬಹುದು. ಅದರ ಹೆಸರಿನ ಮೊದಲ ಅಕ್ಷರ, ಅದರ ಸಂಖ್ಯೆ ಮತ್ತು ಕಾಗದದ ನಕ್ಷೆಯಲ್ಲಿ ಅದಕ್ಕೆ ಹಚ್ಚಿದ ಬಣ್ಣ, ಈ ಮೂರನ್ನು ಓದಲು ಕಲಿತರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲಿಗೆ ಉತ್ತರ ಸಿಕ್ಕಂತೆ.

'ಎ' ಅಕ್ಷರದ ರಸ್ತೆಗಳು ವೇಗದ ಹೆದ್ದಾರಿಗಳಾಗಿದ್ದು, ಅಲ್ಲಿ ಸೈಕಲ್‌ಗೆ ಪ್ರವೇಶವೇ ಇಲ್ಲ. 'ಎನ್' ಎಂದರೆ ರಾಷ್ಟ್ರೀಯ ರಸ್ತೆ. ಅದರ ಫಲಕದ ಮೇಲೆ ಸಂಖ್ಯೆ ಕೆಂಪು ಪಟ್ಟಿಯಲ್ಲಿರುತ್ತದೆ, ಅದನ್ನು ಬಿಟ್ಟುಬಿಡಿ. 'ಡಿ' ಎಂದರೆ ದೆಪಾರ್ತಮಾಂ, ಅಂದರೆ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಘಟಕ, ನೋಡಿಕೊಳ್ಳುವ ರಸ್ತೆ. ಅದರ ಸಂಖ್ಯೆ ಹಳದಿ ಪಟ್ಟಿಯಲ್ಲಿ ಇರುತ್ತದೆ. ಅದಕ್ಕಿಂತ ಕೆಳಗಿನವು ಕೊಮ್ಯೂನ್‌ಗಳ, ಎಂದರೆ ಊರಾಡಳಿತಗಳ, ಬಿಳಿ ಪಟ್ಟಿಯ ರಸ್ತೆಗಳು. ಆ ದೇಶದಲ್ಲಿ ಸುಮಾರು 35,000 ಕೊಮ್ಯೂನ್‌ಗಳಿದ್ದು, ಅವುಗಳಲ್ಲಿ ಬಹಳಷ್ಟು ಕೆಲವೇ ನೂರು ಜನರ ಹಳ್ಳಿಗಳು. ಹೆದ್ದಾರಿ ಮತ್ತು ರಾಷ್ಟ್ರೀಯ ರಸ್ತೆಗಳೆಲ್ಲ ಸೇರಿ ಸುಮಾರು 20,000 ಕಿಲೋಮೀಟರ್ ಆದರೆ, 'ಡಿ' ರಸ್ತೆಗಳು ಹತ್ತಿರ ಹತ್ತಿರ 3,80,000 ಕಿಲೋಮೀಟರ್, ಕೊಮ್ಯೂನ್ ರಸ್ತೆಗಳು ಸುಮಾರು 7,00,000 ಕಿಲೋಮೀಟರ್ ಇವೆ. ವಾಹನಗಳ ದೊಡ್ಡ ಪ್ರವಾಹ ಮೊದಲ ಚಿಕ್ಕ ಪಾಲಿನ ಮೇಲೆ ಹರಿದುಹೋಗುವುದರಿಂದ, ಡಾಂಬರು ಕಂಡ ಸಾವಿರಾರು ಹಳ್ಳಿದಾರಿಗಳು ಟ್ರ್ಯಾಕ್ಟರ್, ಅಂಚೆಯ ವ್ಯಾನು ಮತ್ತು ಸೈಕಲ್ ಸವಾರರಿಗೆ ಉಳಿದುಕೊಂಡಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. 'ಡಿ' ಎಂದ ಮಾತ್ರಕ್ಕೆ ರಸ್ತೆ ಶಾಂತವಾಗಿರುತ್ತದೆ ಎಂದು ನಂಬಬಾರದು. 2004ರ ವಿಕೇಂದ್ರೀಕರಣ ಕಾನೂನಿನ ನಂತರ, 2006ರಲ್ಲಿ, ಸುಮಾರು 18,000 ಕಿಲೋಮೀಟರ್ ರಾಷ್ಟ್ರೀಯ ರಸ್ತೆಗಳನ್ನು ದೆಪಾರ್ತಮಾಂಗಳಿಗೆ ಒಪ್ಪಿಸಲಾಯಿತು. ಅವು ಹೆಸರು ಬದಲಿಸಿಕೊಂಡು 'ಡಿ' ಆದವು, ಅವುಗಳ ಮೇಲಿನ ಲಾರಿಗಳು ಮಾತ್ರ ಹಾಗೆಯೇ ಉಳಿದವು. ದೋರ್ದೋನ್ ಎಂಬ ದೆಪಾರ್ತಮಾಂನಲ್ಲಿ ಹಳೆಯ ಎನ್ 89 ಈಗ ಡಿ 6089 ಆಗಿರುವುದು ಇದಕ್ಕೆ ಉದಾಹರಣೆ. ಆದ್ದರಿಂದ ನಾಲ್ಕಂಕಿಯ ಸಂಖ್ಯೆಗಳನ್ನು ಅನುಮಾನದಿಂದಲೇ ನೋಡಬೇಕು. ಜೊತೆಗೆ ನಕ್ಷೆಯ ಬಣ್ಣವನ್ನೂ ನೋಡಬೇಕು. ಮಿಶೆಲಿನ್ ಕಂಪನಿಯ ನಕ್ಷೆಗಳಲ್ಲಿ ಮುಖ್ಯ ರಸ್ತೆ ಕೆಂಪು, ಮಧ್ಯಮ ರಸ್ತೆ ಹಳದಿ, ಸಣ್ಣ ರಸ್ತೆ ಬಿಳಿ. ಅಂದವಾದ ದಾರಿಗಳ ಅಂಚಿಗೆ ಹಸಿರು ಗೆರೆ ಇರುತ್ತದೆ. ಅದೇ ನಕ್ಷೆಯಲ್ಲಿ ರಸ್ತೆಗೆ ಅಡ್ಡಲಾಗಿ ಕಾಣುವ ಬಾಣದ ಮೊನೆಗಳು ಏರನ್ನು ತೋರಿಸುತ್ತವೆ: ಒಂದು ಮೊನೆಯಿದ್ದರೆ ಶೇಕಡಾ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ಮೊಬೈಲಿನ ದಾರಿ ತೋರುಗ ಎಷ್ಟೇ ಜಾಣನಾದರೂ, ಹಿಂದಿನ ರಾತ್ರಿ ಮೇಜಿನ ಮೇಲೆ ಹರಡಿಕೊಂಡು ಬಿಳಿ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಲು ಕಾಗದದ ನಕ್ಷೆಗೆ ಸಮನಾದುದು ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದೆಲ್ಲ ನೆಲದ ಮೇಲೆ ಹೇಗೆ ಕಾಣುತ್ತದೆ ಎನ್ನುವುದಕ್ಕೆ ನೈಋತ್ಯ ಫ್ರಾನ್ಸಿನ ದೋರ್ದೋನ್ ಕಣಿವೆಯನ್ನೇ ತೆಗೆದುಕೊಳ್ಳೋಣ. ಸಾರ್ಲಾ ಪಟ್ಟಣವನ್ನು ನೆಲೆಯಾಗಿಟ್ಟುಕೊಂಡು ಹೊರಟರೆ ಒಂದು ದಿನದ ಸವಾರಿಯೊಳಗೆ ಬೇನಾಕ್, ಲಾ ರೋಕ್ ಗಜಾಕ್, ಕಾಸ್ಟೆಲ್ನೋ, ಡೊಮ್ ಎಂಬ ನಾಲ್ಕು ಊರುಗಳು ಸಿಗುತ್ತವೆ. ಸುಣ್ಣಕಲ್ಲಿನ ಬಂಡೆಗೆ ಬೆನ್ನು ಕೊಟ್ಟು ಕುಳಿತಿರುವ ಬೇನಾಕ್ ಮತ್ತು ಲಾ ರೋಕ್ ಗಜಾಕ್ ನದಿಯನ್ನು ನಂಬಿ ಬೆಳೆದ ಊರುಗಳು; ಹಿಂದೆ ಮರ ಮತ್ತು ವೈನ್ ಹೊತ್ತ ಚಪ್ಪಟೆ ತಳದ ದೋಣಿಗಳು ಅವುಗಳ ಮುಂದೆಯೇ ಸಾಗುತ್ತಿದ್ದವು. ಬಂಡೆಗೂ ನೀರಿಗೂ ನಡುವೆ ಉಳಿದ ಕಿರಿದಾದ ಜಾಗದಲ್ಲಿ ಒಂದೇ ಒಂದು ರಸ್ತೆ, ಡಿ 703, ಹಾದುಹೋಗುತ್ತದೆ. ಅಲ್ಲಿ ಏರಿಲ್ಲ, ಆದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಪ್ರವಾಸಿಗರ ಕಾರುಗಳು ಸಾಲುಗಟ್ಟುತ್ತವೆ. ಬೇನಾಕ್‌ನ ಈ ದಟ್ಟಣೆಯನ್ನು ತಪ್ಪಿಸಲೆಂದು ಆರಂಭಿಸಿದ್ದ ಬಳಸುರಸ್ತೆಯ ಕಾಮಗಾರಿಯನ್ನು 2018ರ ಡಿಸೆಂಬರಿನಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವೇ ತಡೆಹಿಡಿಯಿತೆಂದರೆ, ಆ ಕಣಿವೆ ಎಷ್ಟು ಇಕ್ಕಟ್ಟಾದದ್ದು ಮತ್ತು ಎಷ್ಟು ಅಮೂಲ್ಯವಾದದ್ದು ಎಂಬುದನ್ನು ಊಹಿಸಬಹುದು. ಆ ತುಣುಕನ್ನು ಬೆಳಿಗ್ಗೆ ಎಂಟರೊಳಗೆ ದಾಟಿಬಿಟ್ಟು, ಸೇತುವೆ ದಾಟಿ ದಕ್ಷಿಣ ದಡದ ಸಣ್ಣ ರಸ್ತೆಗಳನ್ನು ಸೇರುವುದು ಜಾಣತನ. ಸಾರ್ಲಾದಿಂದ ಕಾರ್ಸಾಕ್ ಕಡೆಗೆ ಹಳೆಯ ರೈಲು ಹಾದಿಯ ಮೇಲೆ ಮಾಡಿರುವ ಸೈಕಲ್ ದಾರಿಯೂ ಇದೆ; ಮೊದಲ ದಿನ ಬಲಬದಿಯ ಸವಾರಿಗೆ ಒಗ್ಗಿಕೊಳ್ಳಲು ಅದು ಒಳ್ಳೆಯದು.

ಡೊಮ್‌ನ ಕಥೆ ಬೇರೆ. 1281ರಲ್ಲಿ ಮೂರನೆಯ ಫಿಲಿಪ್ ದೊರೆ ಕಟ್ಟಿಸಿದ ಈ ಕೋಟೆಯೂರು ನದಿಯಿಂದ ಸುಮಾರು 150 ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲಿದೆ. ಅದು ಫ್ರೆಂಚ್ ಮತ್ತು ಇಂಗ್ಲಿಷ್ ದೊರೆಗಳು ಈ ಸೀಮೆಗಾಗಿ ಸೆಣಸಿದ ಗಡಿನಾಡು. ನೂರು ವರ್ಷಗಳ ಯುದ್ಧದಲ್ಲಿ (1337-1453) ಬೇನಾಕ್ ಕೋಟೆ ಫ್ರೆಂಚರ ಪಕ್ಷದಲ್ಲಿದ್ದರೆ, ನದಿಯಾಚೆ ಕಣ್ಣಳತೆಯಲ್ಲೇ ಇರುವ ಕಾಸ್ಟೆಲ್ನೋ ಕೋಟೆ ದೀರ್ಘಕಾಲ ಇಂಗ್ಲಿಷರ ಪಕ್ಷದಲ್ಲಿತ್ತು. ಶತ್ರುವನ್ನು ದೂರದಿಂದಲೇ ಕಾಣಬೇಕೆಂದು ಅಂದು ಆರಿಸಿಕೊಂಡ ಎತ್ತರವೇ ಇಂದು ಸವಾರನ ತೊಡೆಗಳಿಗೆ ಲೆಕ್ಕ ಕೇಳುತ್ತದೆ. ಹಾಗಾಗಿ ಈ ಪ್ರದೇಶದಲ್ಲಿ ನೀವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ: ನದಿಯಂಚಿನ ಸಮತಟ್ಟಾದ ದಾರಿ ಬೇಕಾದರೆ ವಾಹನಗಳನ್ನು ಸಹಿಸಬೇಕು, ನಿಶ್ಶಬ್ದ ಬೇಕಾದರೆ ಏರನ್ನು ಒಪ್ಪಬೇಕು. ನಾನಾದರೆ ಯಾವಾಗಲೂ ಏರನ್ನೇ ಒಪ್ಪುತ್ತೇನೆ. ನಂದಿ ಬೆಟ್ಟವನ್ನು ಒಮ್ಮೆ ಹತ್ತಿದವರಿಗೆ ಡೊಮ್ ಏರು ಚಿಕ್ಕದಾಗಿಯೇ ಕಾಣುತ್ತದೆ, ಆದರೆ ಇಂಥ ಚಿಕ್ಕ ಏರುಗಳು ದಿನಕ್ಕೆ ಆರೇಳು ಬಂದಾಗ ಕಾಲು ಸೋಲುತ್ತದೆ. ಅದಕ್ಕಾಗಿ ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 34, ಹಿಂಬದಿಯದರಲ್ಲಿ 32 ಅಥವಾ 34 ಹಲ್ಲುಗಳಿರುವ ಹಗುರ ಗೇರಿನ ಸೈಕಲ್ಲನ್ನೇ ಬಾಡಿಗೆಗೆ ಕೇಳಿ.

ಗೇರಿನ ವಿಷಯದಲ್ಲಿ ಸಂಕೋಚಪಡುವವರು ಪಾಲ್ ದ ವಿವಿ ಅವರನ್ನು ನೆನೆಯಬೇಕು. ವೆಲೊಸಿಯೊ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು (1853-1930) ಸೆಂತ್ ಎತಿಯೆನ್ ಪಟ್ಟಣದಲ್ಲಿದ್ದುಕೊಂಡು, ಸಾಮಾನ್ಯ ಸವಾರರು ಬೆಟ್ಟಗುಡ್ಡಗಳಲ್ಲಿ ಸುಖವಾಗಿ ಪ್ರವಾಸ ಮಾಡಬೇಕಾದರೆ ಸೈಕಲ್‌ಗೆ ಹಲವು ಗೇರುಗಳಿರಬೇಕೆಂದು ಜೀವನವಿಡೀ ವಾದಿಸಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆ ಡಿರೇಲರ್ ಗೇರನ್ನು, ಅಂದರೆ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಾರಿಸುವ ಸಾಧನವನ್ನು, ಒಪ್ಪಿದ್ದು 1937ರಲ್ಲಿ, ಅವರು ತೀರಿಕೊಂಡ ಏಳು ವರ್ಷಗಳ ಮೇಲೆ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಒಣ ಅಭಿಮಾನಕ್ಕಾಗಿ ಎಂದೂ ತುಳಿಯಬಾರದು, ಕನಿಷ್ಠ ದಾರಿಯಲ್ಲಿರುವಷ್ಟು ಹೊತ್ತಾದರೂ ವೈನು, ಮಾಂಸ, ತಂಬಾಕುಗಳನ್ನು ಬಿಡಬೇಕು ಎಂದು ಅವರು ಪ್ರವಾಸಿ ಸವಾರರಿಗೆ ಹೇಳಿದ್ದರು. ಅವರು ಸ್ವತಃ ಸಸ್ಯಾಹಾರಿಯಾಗಿದ್ದರು ಎಂಬುದು ನಮ್ಮಲ್ಲಿನ ಅನೇಕರಿಗೆ ಸಮಾಧಾನದ ಸಂಗತಿ. ಬಾತುಕೋಳಿಯ ಮಾಂಸಕ್ಕೆ ಹೆಸರಾದ ದೋರ್ದೋನ್ ಸೀಮೆಯಲ್ಲಿಯೂ ಬ್ರೆಡ್, ಆಡಿನ ಹಾಲಿನ ಚೀಸ್, ಹಣ್ಣು ಮತ್ತು ಆ ನೆಲದ ಅಕ್ರೋಟುಗಳಿಂದ ದಿನ ಕಳೆಯಬಹುದು. ಆದರೆ ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುತ್ತವೆ, ಭಾನುವಾರ ಮಧ್ಯಾಹ್ನದ ನಂತರ ಮತ್ತು ಹಲವು ಕಡೆ ಸೋಮವಾರ ತೆರೆಯುವುದೇ ಇಲ್ಲ. ಬುತ್ತಿಯನ್ನು ಹನ್ನೆರಡರೊಳಗೆ ಕಟ್ಟಿಸಿಕೊಳ್ಳಿ.

ಇನ್ನು ಭಯದ ಮಾತು. ಊರಿನ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ ಒಂದೂವರೆ ಮೀಟರ್, ಊರೊಳಗೆ ಒಂದು ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿನ ಕಾನೂನು, ಮತ್ತು ಈ ಅಂತರ ಬಿಡಲು ಮುಂದಿನ ದಾರಿ ಚೆನ್ನಾಗಿ ಕಾಣುತ್ತಿದ್ದರೆ ನಡುವಿನ ಅಖಂಡ ಗೆರೆಯನ್ನು ದಾಟಲು 2015ರಿಂದ ಅನುಮತಿಯೂ ಇದೆ. ಹಳ್ಳಿಗಾಡಿನ ಬಹುಪಾಲು ಚಾಲಕರು ಇದನ್ನು ಪಾಲಿಸುತ್ತಾರೆ. ನಮ್ಮವರಿಗೆ ನಿಜವಾದ ಅಪಾಯ ಹಿಂದಿನಿಂದ ಬರುವ ಕಾರಿಗಿಂತ ಹೆಚ್ಚಾಗಿ ನಮ್ಮದೇ ಅಭ್ಯಾಸದಲ್ಲಿದೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು ಎಂಬುದು ಸವಾರಿ ಮಾಡುವಾಗ ನೆನಪಿರುತ್ತದೆ, ಊಟ ಮುಗಿಸಿ ಖಾಲಿ ರಸ್ತೆಗೆ ಮತ್ತೆ ಇಳಿಯುವ ಕ್ಷಣದಲ್ಲಿ ಮರೆತುಹೋಗುತ್ತದೆ. ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಎಂಬ ನಿಯಮವೂ ಇದೆ. ಎಷ್ಟೇ ಸಣ್ಣ ಓಣಿಯಿಂದಾದರೂ ಟ್ರ್ಯಾಕ್ಟರ್ ನಿಲ್ಲದೆ ಬರಬಹುದು. ಬೇಸಿಗೆಯಲ್ಲಿ ರಸ್ತೆ ದುರಸ್ತಿಗೆ ಟಾರಿನ ಮೇಲೆ ಸಡಿಲ ಜಲ್ಲಿ ಹರಡಿ ಬಿಡುತ್ತಾರೆ. 'ಗ್ರಾವಿಯೋಂ' ಎಂಬ ಫಲಕ ಕಂಡರೆ ಇಳಿಜಾರಿನಲ್ಲಿ ವೇಗವನ್ನು ಮೊದಲೇ ತಗ್ಗಿಸಿಕೊಳ್ಳಿ, ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ. ರಾತ್ರಿ ಅಥವಾ ಮಂಜಿನಲ್ಲಿ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ.

ಹೋಗುವುದಾದರೆ ಮೇ, ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ಬಿಳಿ ರಸ್ತೆಗಳ ಮೇಲೆ ಬಾಟಲಿ ಖಾಲಿಯಾದಾಗ ಚರ್ಚಿನ ಗೋಪುರ ಕಂಡ ದಿಕ್ಕಿಗೆ ತಿರುಗಿ, ಊರ ಸ್ಮಶಾನವನ್ನು ಹುಡುಕಿ. ಸಮಾಧಿಗಳ ಹೂವಿಗೆ ನೀರುಣಿಸಲೆಂದು ಅದರ ಬಾಗಿಲ ಬಳಿ ಸಾಮಾನ್ಯವಾಗಿ ಒಂದು ನಲ್ಲಿಯಿರುತ್ತದೆ, ಫ್ರೆಂಚ್ ಸವಾರರೆಲ್ಲ ಬಾಟಲಿ ತುಂಬಿಕೊಳ್ಳುವುದು ಅಲ್ಲಿಯೇ. 'ನೋಂ ಪೋತಾಬ್ಲ್' ಎಂದು ಬರೆದಿದ್ದರೆ ಮಾತ್ರ ಆ ನೀರನ್ನು ಕುಡಿಯಬೇಡಿ.