ಗೂಗಲ್ ರೀಡರ್ ಮುಚ್ಚಿದರೂ ಫೀಡ್ ಯಾಕೆ ಉಳಿಯಿತು?

2013ರ ಜುಲೈ 1ರಂದು ಗೂಗಲ್ ತನ್ನ ರೀಡರ್ ಮುಚ್ಚಿತು. ಬೆಳಗ್ಗೆ ಕಾಫಿ ಜೊತೆ ಅದನ್ನೇ ತೆರೆದು, ಇಷ್ಟದ ತಾಣಗಳಲ್ಲಿ ಹೊಸದೇನು ಬಂದಿದೆ ಅಂತ ನೋಡುತ್ತಿದ್ದವರಿಗೆ ಪೇಪರ್ ಹಾಕುವ ಹುಡುಗ ಕೆಲಸ ಬಿಟ್ಟ ಹಾಗಾಯಿತು. ಆದರೆ ಪೇಪರ್ ಅಚ್ಚಾಗುವುದೇನೂ ನಿಲ್ಲಲಿಲ್ಲ. ತಾಣಗಳ ಫೀಡ್‌ಗಳು ಇದ್ದಲ್ಲೇ ಇದ್ದವು.

ಫೀಡ್ ಅಂದರೆ ಒಂದು ಸಣ್ಣ ಕಡತ, ಅಷ್ಟೇ. ಹೊಸ ಬರಹದ ತಲೆಬರಹ, ಕೊಂಡಿ, ತಾರೀಕು, ಒಂದಿಷ್ಟು ಸಾರ ಅದರಲ್ಲಿರುತ್ತದೆ. ನಿಮ್ಮ ತಂತ್ರಾಂಶ ಆಗಾಗ ಹೋಗಿ ಅದನ್ನು ನೋಡಿ ಬರುತ್ತದೆ, ಹೊಸದಿದ್ದರೆ ತಂದಿಡುತ್ತದೆ. ನಿಮಗೆ ಏನು ಕಾಣಬೇಕು ಅಂತ ನಡುವೆ ಕೂತು ತೀರ್ಮಾನಿಸುವವರು ಯಾರೂ ಇಲ್ಲ. ನನಗೆ ಇದು ಇಷ್ಟವಾಗುವುದೇ ಅದಕ್ಕೆ.

1999ರ ಮಾರ್ಚ್‌ನಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿ, ಇಂಥ ಫೀಡ್ ಬರೆಯುವ ಮಾದರಿಯಾದ ಆರ್‌ಎಸ್‌ಎಸ್‌ನ ಮೊದಲ ರೂಪ ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ಆರ್.ವಿ. ಗುಹಾ ಒಬ್ಬರು. ಕಂಪನಿ ಬೇಗನೆ ಅದರ ಕೈಬಿಟ್ಟಿತು. ತಂತ್ರಾಂಶ ಬರೆಯುವ ಡೇವ್ ವೈನರ್ ಅದನ್ನು ತಮ್ಮ ದಾರಿಯಲ್ಲಿ ಮುಂದುವರಿಸಿದರು. 2000ರಲ್ಲಿ ಇನ್ನೊಂದು ಗುಂಪು ಬೇರೆಯದೇ ದಾರಿ ಹಿಡಿಯಿತು. ಹದಿಹರೆಯದ ಆರನ್ ಸ್ವಾರ್ಟ್ಜ್ ಆ ಗುಂಪಿನಲ್ಲಿದ್ದ. ಎರಡು ಬಣಗಳ ಜಟಾಪಟಿ ವರ್ಷಗಟ್ಟಲೆ ನಡೆಯಿತು. 2005ರಲ್ಲಿ ಆಟಮ್ ಅನ್ನುವ ಮತ್ತೊಂದು ಮಾದರಿಯೂ ಬಂತು. ಓದುಗರಿಗೆ ಇದರಿಂದ ಜಾಸ್ತಿ ತೊಂದರೆ ಆಗಲಿಲ್ಲ. ತಂತ್ರಾಂಶಗಳು ಎಲ್ಲವನ್ನೂ ಓದಲು ಕಲಿತವು. ಪಾಡ್‌ಕಾಸ್ಟ್‌ನ ಹೊಸ ಕಂತು ಮೊಬೈಲಿಗೆ ತಾನಾಗೇ ಬರುತ್ತದಲ್ವಾ, ಅದರ ಹಿಂದಿರುವುದೂ ಆರ್‌ಎಸ್‌ಎಸ್ಸೇ.

ರೀಡರ್ ಮುಚ್ಚಿದಾಗ ಜನ ತಮ್ಮ ತಾಣಗಳ ಪಟ್ಟಿಯನ್ನು ಒಂದು ಕಡತವಾಗಿ ಇಳಿಸಿಕೊಂಡು ಬೇರೆ ಕಡೆಗೆ ಒಯ್ದರು. ಇವತ್ತೂ ಹಾಗೆ ಒಯ್ಯಬಹುದು. ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್ ಎರಡೂ ಫೀಡ್ ಓದುವ ಮುಕ್ತ ತಂತ್ರಾಂಶಗಳು, ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಅಷ್ಟು ರಗಳೆ ಬೇಡ ಅನ್ನುವವರಿಗೆ ಥಂಡರ್‌ಬರ್ಡ್ ಸಾಕು. ಮಿಂಚಂಚೆಯ ಪಕ್ಕದಲ್ಲೇ ಫೀಡ್ ಕೂಡ ಓದಬಹುದು.

ಇದರ ನಿಜವಾದ ರುಚಿ ನನಗೆ ಸಿಕ್ಕಿದ್ದು ಕನ್ನಡ ವಿಕಿಪೀಡಿಯದಲ್ಲಿ. 2003ರಲ್ಲಿ ಶುರುವಾದ ಅದು ನಡೆಯುವುದು ಮೀಡಿಯಾವಿಕಿ ಅನ್ನುವ ಮುಕ್ತ ತಂತ್ರಾಂಶದ ಮೇಲೆ. ಅದರಲ್ಲಿ ಪ್ರತಿ ಪುಟದ ಇತಿಹಾಸಕ್ಕೂ ಒಂದು ಆಟಮ್ ಫೀಡ್ ಇದೆ. ನಿಮ್ಮೂರಿನ ಪುಟದ ಇತಿಹಾಸ ತೆರೆಯಿರಿ, ಆ ಕೊಂಡಿಯನ್ನು ಓದುಗ ತಂತ್ರಾಂಶಕ್ಕೆ ಹಾಕಿ. ಯಾರೋ ಊರಿನ ಕೆರೆಯ ಹೆಸರು ಬದಲಿಸಿದರು ಅಂತಿಟ್ಟುಕೊಳ್ಳಿ. ಹಳೆಯ ಸಾಲು, ಹೊಸ ಸಾಲು ಅಕ್ಕಪಕ್ಕ ಕಾಣುತ್ತವೆ. ಹೆಸರು ತಪ್ಪಿದ್ದರೆ ಅಲ್ಲಿಂದಲೇ ಪುಟಕ್ಕೆ ಹೋಗಿ ತಿದ್ದಬಹುದು. ಕನ್ನಡ ಟೈಪ್ ಮಾಡುವ ಸೌಲಭ್ಯ ಪುಟದಲ್ಲೇ ಇದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಜೊತೆಗೆ ಒಂದು ಆಧಾರ ಕೊಡಿ, ಗೆಜೆಟಿಯರೋ ಪತ್ರಿಕೆಯ ವರದಿಯೋ.

ನೀವು ತಿದ್ದಿ ಉಳಿಸಿದ ಸಾಲು ಅದೇ ಫೀಡ್‌ಗೆ ಸೇರುತ್ತದೆ. ಆ ಪುಟದ ಮೇಲೆ ಕಣ್ಣಿಟ್ಟ ಇನ್ನೊಬ್ಬರಿಗೆ ನಾಳೆ ಬೆಳಗ್ಗೆ ಅದು ಕಾಣುತ್ತದೆ.