ನಿಮ್ಮ ಹಳೆಯ ಲ್ಯಾಪ್‌ಟಾಪ್ ಎಲ್ಲಿ ಎಡವುತ್ತಿದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅವತ್ತಿನಿಂದ ಮುಂಬಯಿಯ ನಮ್ಮ ಕನ್ನಡದವರ ಮನೆಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿದೆ. ಡೊಂಬಿವಲಿಯಿರಲಿ, ಘಾಟ್ಕೋಪರ್ ಇರಲಿ, ಕಪಾಟಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಆದರೆ ಆನ್ ಮಾಡಿದರೆ ಬೇಗ ಏಳುವುದೇ ಇಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2017ಕ್ಕಿಂತ ಮೊದಲು ಕೊಂಡ ಯಂತ್ರಗಳು ಅಲ್ಲಿಗೇ ಹೊರಗುಳಿದವು. "ಗುಜರಿಗೆ ಹಾಕುದಾ ಮಾರಾಯ್ರೇ? ಅಥವಾ ಆ ಲಿನಕ್ಸ್ ಅಂತಾರಲ್ಲ, ಅದ್ರಲ್ಲಿ ಯಾವುದು ಹಗುರ?" ಅಂತ ಕೇಳುತ್ತಾರೆ.

ಗುಜರಿಗೆ ಹಾಕಬೇಡಿ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್, ಇಡೀ ಯಂತ್ರವನ್ನು ನಡೆಸುವ ತಂತ್ರಾಂಶ. ಆದರೆ ಅದರಲ್ಲಿ ಹಗುರವಾದದ್ದನ್ನು ಹುಡುಕುವ ಮೊದಲು, ಆ ಲ್ಯಾಪ್‌ಟಾಪ್ ಎಲ್ಲಿ ಎಡವುತ್ತಿದೆ ಅಂತ ನೋಡಿ. ಅದು ತಿಳಿಯದೆ ಯಾವ ಲಿನಕ್ಸ್ ಹಾಕಿದರೂ ಅರ್ಧ ಫಲ ಅಷ್ಟೇ.

ಕಂಪ್ಯೂಟರ್ ಕೆಲಸ ಮಾಡುವುದು ರ‍್ಯಾಮ್‌ನಲ್ಲಿ. ನೀವು ತೆರೆದ ಪ್ರತಿಯೊಂದು ಪ್ರೋಗ್ರಾಮ್ ಅಲ್ಲಿ ಜಾಗ ಹಿಡಿಯುತ್ತದೆ. ರ‍್ಯಾಮ್ ತುಂಬಿದಾಗ ಆಪರೇಟಿಂಗ್ ಸಿಸ್ಟಮ್ ಸದ್ಯಕ್ಕೆ ಬೇಡದ ಭಾಗಗಳನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಇದಕ್ಕೆ ಸ್ವಾಪ್ ಎನ್ನುತ್ತಾರೆ. ಉಪಾಯ ಚೆನ್ನಾಗಿಯೇ ಇದೆ. ಆದರೆ ಆ ಡಿಸ್ಕ್ ಎಷ್ಟು ನಿಧಾನ ಅನ್ನುವುದನ್ನು ನೋಡಬೇಕು. ರ‍್ಯಾಮ್‌ನಿಂದ ಒಂದು ತುಣುಕು ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಓದುವ ಮೊನೆ ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಮಾಹಿತಿ ಅದರ ಕೆಳಗೆ ತಿರುಗಿ ಬರುವ ತನಕ ಕಾಯಬೇಕು. ಎಲ್ಲ ಸೇರಿ 15 ಮಿಲಿಸೆಕೆಂಡ್ ಆಸುಪಾಸು. ರ‍್ಯಾಮ್‌ನಿಂದ ತರುವುದಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೆ, ಈ ಡಿಸ್ಕಿನಿಂದ ತರುವುದಕ್ಕೆ ಒಂದೂಮುಕ್ಕಾಲು ದಿನ ಹಿಡಿದ ಹಾಗೆ!

ರ‍್ಯಾಮ್ ತೀರಾ ಕಡಿಮೆಯಾದರೆ ಈ ಸಾಗಾಟವೇ ಕೆಲಸವಾಗಿಬಿಡುತ್ತದೆ. ಒಂದನ್ನು ಒಳಗೆ ತರಲು ಇನ್ನೊಂದನ್ನು ಹೊರಗೆ ಹಾಕಬೇಕು. ಮರುಗಳಿಗೆಯಲ್ಲಿ ಹೊರಗೆ ಹಾಕಿದ್ದೇ ಬೇಕಾಗುತ್ತದೆ. ಇದರ ಹೆಸರು ಥ್ರಾಶಿಂಗ್. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಇದರ ಕಾರಣವನ್ನು ವಿವರಿಸಿದ್ದರು. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿಗೆ ಇಷ್ಟು ರ‍್ಯಾಮ್ ಬೇಕೇ ಬೇಕು ಅಂತ ಒಂದು ಲೆಕ್ಕ ಇರುತ್ತದೆ. ಎಲ್ಲವುಗಳ ಲೆಕ್ಕ ಕೂಡಿ ಇರುವ ರ‍್ಯಾಮನ್ನು ಮೀರಿತೋ, ಯಂತ್ರ ಸ್ವಲ್ಪ ನಿಧಾನವಾಗುವುದಲ್ಲ, ಒಮ್ಮೆಲೇ ಕುಸಿಯುತ್ತದೆ. ಬ್ರೌಸರಿನಲ್ಲಿ ಇನ್ನೊಂದೇ ಟ್ಯಾಬ್ ತೆರೆದದ್ದಕ್ಕೆ ಇಡೀ ಲ್ಯಾಪ್‌ಟಾಪ್ ಸ್ತಬ್ಧವಾಗುತ್ತದಲ್ಲ, ಅದು ಇದೇ.

ಮುಲುಂಡಿನಲ್ಲಿ ಪರಿಚಯದವರ ಮಗಳ ಲ್ಯಾಪ್‌ಟಾಪ್ ಒಂದನ್ನು ನೋಡಿದೆ. 3ನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್‌ನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದೆವು. ಡಿಸ್ಕ್ ಎಂಬಲ್ಲಿ 100 ಪ್ರತಿಶತ, ಇಳಿಯುತ್ತಲೇ ಇಲ್ಲ. ಅದೇ ಹೊತ್ತಿಗೆ ಪ್ರೊಸೆಸರ್ ಹತ್ತು ಪ್ರತಿಶತವನ್ನೂ ಮುಟ್ಟುತ್ತಿಲ್ಲ. ಅಂದರೆ ಪ್ರೊಸೆಸರ್ ಹಳತಾಗಿದ್ದಕ್ಕೆ ನಿಧಾನ ಅಲ್ಲ. ಅದು ಡಿಸ್ಕಿಗಾಗಿ ಸುಮ್ನೆ ಕಾದು ಕೂತಿದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ದಯವಿಟ್ಟು ಇದನ್ನು ನೋಡದೆ ಏನನ್ನೂ ಬದಲಿಸಬೇಡಿ.

ಇಂಥ ಯಂತ್ರಕ್ಕೆ ಮೊದಲ ಔಷಧಿ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್ ಅದು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿ ತರಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಸಾಕು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಹಳೆಯ ಡಿಸ್ಕ್ ತೆಗೆದ ಜಾಗದಲ್ಲೇ ಇದು ಕೂರುತ್ತದೆ. ರ‍್ಯಾಮ್ ಕೂಡ ಹೆಚ್ಚಿಸುವುದಾದರೆ ಹಳೆಯ ಪಟ್ಟಿಯನ್ನು ಕಳಚಿ ಜೊತೆಗೇ ಒಯ್ಯಿರಿ. ಅದರಲ್ಲಿ ವಿಧಗಳಿವೆ, ಡಿಡಿಆರ್3 ಬೇರೆ, ಡಿಡಿಆರ್3ಎಲ್ ಬೇರೆ. ಎರಡನೆಯದು 1.35 ವೋಲ್ಟಿನದು, ಇಂಟೆಲ್‌ನ 4ನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ಅದೇ ಬೇಕು. ಮುಚ್ಚಳ ಹೇಗೂ ತೆಗೆದಿರುತ್ತೀರಿ, ಫ್ಯಾನಿನ ಧೂಳನ್ನೂ ತೆಗೆಸಿ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅದನ್ನೂ ನಾವು ಸಾಫ್ಟ್‌ವೇರಿನ ತಪ್ಪು ಅಂದುಕೊಳ್ಳುತ್ತೇವೆ.

ಇನ್ನು ಲಿನಕ್ಸಿನ ಮಾತು. ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾಗ, 1991ರಲ್ಲಿ, ಇದನ್ನು ಶುರು ಮಾಡಿದರು. ನಮ್ಮ ಪಕ್ಕದ ಪುಣೆಯಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಪರಮ್ 8000 ಸೂಪರ್ ಕಂಪ್ಯೂಟರನ್ನು ಹೊರತಂದದ್ದೂ ಅದೇ ವರ್ಷ. ಮುಂದೆ ಅದೇ ಸಿ-ಡ್ಯಾಕ್, ಡೆಬಿಯನ್ ಲಿನಕ್ಸನ್ನು ಆಧರಿಸಿ ಬಾಸ್ ಎಂಬ ಭಾರತೀಯ ಆವೃತ್ತಿಯನ್ನೂ ತಂದಿತು. ಟೋರ್ವಾಲ್ಡ್ಸ್ ಬರೆದದ್ದು ಕರ್ನಲ್, ಅಂದರೆ ಒಳಗಿನ ತಿರುಳು. ಉಬುಂಟು, ಮಿಂಟ್, ಡೆಬಿಯನ್, ಆಂಟಿಎಕ್ಸ್ ಎಂಬ ಲಿನಕ್ಸ್ ಆವೃತ್ತಿಗಳೆಲ್ಲದರಲ್ಲೂ ಇರುವುದು ಅದೇ ತಿರುಳು. ಹಾಗಾದರೆ ಒಂದು ಭಾರ, ಇನ್ನೊಂದು ಹಗುರ ಹೇಗಾಗುತ್ತದೆ?

ವ್ಯತ್ಯಾಸ ಇರುವುದು ಮುಖ್ಯವಾಗಿ ಡೆಸ್ಕ್‌ಟಾಪಿನಲ್ಲಿ. ಕಿಟಕಿ, ಮೆನು, ಕೆಳಗಿನ ಪಟ್ಟಿ, ಕಡತ ತೋರಿಸುವ ಪ್ರೋಗ್ರಾಮ್ ಎಲ್ಲ ಸೇರಿದ ಕಟ್ಟು ಅದು. ಗ್ನೋಮ್ ಎಂಬ ಡೆಸ್ಕ್‌ಟಾಪ್ ನೋಡಲು ಸೊಗಸು. ಆದರೆ ನೀವು ಏನೂ ತೆರೆಯುವ ಮೊದಲೇ 1 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ರ‍್ಯಾಮ್ ಹಿಡಿಯುತ್ತದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬವು ಅದರ ಅರ್ಧದಿಂದ ಮುಕ್ಕಾಲು ಭಾಗದಲ್ಲಿ ಮುಗಿಸುತ್ತವೆ. ಆಂಟಿಎಕ್ಸ್‌ನಲ್ಲಿ ಪೂರ್ತಿ ಡೆಸ್ಕ್‌ಟಾಪ್ ಕಟ್ಟೇ ಇಲ್ಲ, ಕಿಟಕಿ ನೋಡಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮ್ ಮಾತ್ರ. ಅದು ಇನ್ನೂ ಕಡಿಮೆಯಲ್ಲಿ ಓಡುತ್ತದೆ. 8 ಜಿಬಿ ಇರುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. 2 ಜಿಬಿ ಇರುವವರಿಗೆ ಇದೇ ಎಲ್ಲ.

ನನ್ನ ಸಲಹೆ ಹೀಗೆ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಬೇರೆ ಯೋಚನೆ ಬೇಡ. ಮಿಂಟ್ 22ಕ್ಕೆ 2029ರ ತನಕ ಭದ್ರತೆಯ ಅಪ್‌ಡೇಟ್ ಇದೆ. ವಿಂಡೋಸ್ ಬಳಸಿದ ಕೈಗೆ ಅದು ಅಪರಿಚಿತ ಅನ್ನಿಸುವುದೂ ಇಲ್ಲ. 2 ಜಿಬಿಗೆ ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್. ಎರಡರಲ್ಲಿ ನನಗೆ ಎಂಎಕ್ಸ್ ಇಷ್ಟ. ಲುಬುಂಟು ಸೇರಿದ ಉಬುಂಟು ಬಳಗದಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪೊಟ್ಟಣದಲ್ಲಿ ಬರುತ್ತದೆ, ನಿಧಾನದ ಡಿಸ್ಕಿನಲ್ಲಿ ಅದು ಮೊದಲ ಸಲ ತೆರೆಯಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಪಪ್ಪಿ ಲಿನಕ್ಸ್ ಬಗ್ಗೆಯೂ ಕೇಳುತ್ತಾರೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಇಡೀ ವ್ಯವಸ್ಥೆಯೇ ರ‍್ಯಾಮ್‌ಗೆ ಏರಿ ಕೂರುತ್ತದೆ, ಹಾಗಾಗಿ ವೇಗವೋ ವೇಗ. ಕೆಟ್ಟ ಡಿಸ್ಕಿನಿಂದ ಫೋಟೋಗಳನ್ನು ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಸಾಮಾನ್ಯವಾಗಿ ಅದು ನಿಮ್ಮನ್ನು ಪೂರ್ಣಾಧಿಕಾರದ ರೂಟ್ ಆಗಿಯೇ ಓಡಿಸುತ್ತದೆ. ಬ್ಯಾಂಕ್ ವ್ಯವಹಾರ ಮಾಡುವ ಮನೆಯ ಯಂತ್ರಕ್ಕೆ ನಾನು ಅದನ್ನು ಹೇಳುವುದಿಲ್ಲ. ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಹಗುರ ಅನ್ನುತ್ತಾರೆ, ಅದಕ್ಕೂ 4 ಜಿಬಿ ಬೇಕು, ಆಂಡ್ರಾಯ್ಡ್ ಆ್ಯಪ್ ಓಡುವುದಿಲ್ಲ.

ಕಡಿಮೆ ರ‍್ಯಾಮ್ ಇರುವವರು ಜಡ್‌ರ‍್ಯಾಮ್ ಎಂಬ ಸೌಲಭ್ಯವನ್ನು ಮರೆಯಬಾರದು. ರ‍್ಯಾಮ್ ತುಂಬಿದಾಗ ಡಿಸ್ಕಿಗೆ ಓಡುವ ಬದಲು, ಅದು ಆ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಇಡುತ್ತದೆ. ಸಾಮಾನ್ಯವಾಗಿ ಎರಡು ಮೂರು ಪಟ್ಟು ಚಿಕ್ಕದಾಗುತ್ತದೆ. ಒತ್ತುವುದಕ್ಕೆ ಪ್ರೊಸೆಸರ್ ಸ್ವಲ್ಪ ದುಡಿಯಬೇಕು. ಆದರೆ ನೋಡಿದೆವಲ್ಲ, ಅದು ಹೇಗೂ ಖಾಲಿ ಕೂತಿತ್ತು. 2014ರಿಂದ ಇದು ಲಿನಕ್ಸ್ ಕರ್ನಲ್‌ನಲ್ಲೇ ಇದೆ, ಚಾಲೂ ಮಾಡಿಕೊಳ್ಳಬೇಕು ಅಷ್ಟೇ.

2008ರ ಹೊತ್ತಿನ ಪುಟಾಣಿ ನೆಟ್‌ಬುಕ್ ಇಟ್ಟುಕೊಂಡವರ ಕಷ್ಟ ಬೇರೆ. ಅವುಗಳಲ್ಲಿದ್ದ ಆಟಮ್ ಎನ್270ರಂಥ ಪ್ರೊಸೆಸರ್ ಈಗಿನ 64 ಬಿಟ್ ಅಲ್ಲ, ಹಳೆಯ ಮಾದರಿಯ 32 ಬಿಟ್‌ನದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ಬಿಟ್ಟಿತು. ಫೈರ್‌ಫಾಕ್ಸ್ ಕೂಡ ಅದೇ ವರ್ಷ 144ನೇ ಆವೃತ್ತಿಗೆ 32 ಬಿಟ್ ಲಿನಕ್ಸಿನ ಸಹವಾಸ ಮುಗಿಸಿತು. ಡೆಬಿಯನ್ 12 ಆಧರಿಸಿದ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ ಇನ್ನೂ ಓಡುತ್ತದೆ. ಬರೆಯಲು, ಹಾಡು ಕೇಳಲು ಸಾಕು. ಅದರಲ್ಲಿ ಇಂಟರ್‌ನೆಟ್ ವ್ಯವಹಾರ ಮಾಡುವ ಕಾಲ ಮುಗಿಯುತ್ತಾ ಬಂತು ಅಂತಲೇ ಹೇಳಬೇಕು.

ಎಷ್ಟು ಹಗುರದ ಲಿನಕ್ಸ್ ಹಾಕಿದರೂ ಬ್ರೌಸರ್ ಹಗುರವಾಗುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಬೇಸರ ಇಲ್ಲ. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾಯಿತು. ಒಂದು ವೆಬ್‌ಸೈಟ್ ಇನ್ನೊಂದರ ಗುಟ್ಟನ್ನು ಇಣುಕಬಹುದು ಎಂಬ ಭಯ ಹುಟ್ಟಿತು. ಅದಕ್ಕೆ ಕ್ರೋಮ್ ಪ್ರತಿ ಸೈಟಿಗೂ ಬೇರೆ ಬೇರೆ ಪ್ರೋಸೆಸ್, ಅಂದರೆ ತನ್ನದೇ ಜಾಗದಲ್ಲಿ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್, ಕೊಡತೊಡಗಿತು. ಇದರಿಂದ ರ‍್ಯಾಮ್ ಬಳಕೆ 10ರಿಂದ 13 ಪ್ರತಿಶತ ಏರುತ್ತದೆ ಅಂತ ಗೂಗಲ್ ಆಗಲೇ ಹೇಳಿತ್ತು. ಅಂದರೆ ಆ ಭಾರದಲ್ಲಿ ಒಂದು ಪಾಲು ನಮ್ಮ ಸುರಕ್ಷತೆಯದು. ಅದನ್ನು ಕಳಚಿ ಹಗುರ ಮಾಡಿಕೊಳ್ಳುವುದು ಬೇಡ. ಟ್ಯಾಬ್ ಕಡಿಮೆ ಇಟ್ಟುಕೊಳ್ಳಿ, ಜಾಹೀರಾತು ತಡೆಯುವ ವಿಸ್ತರಣೆ ಹಾಕಿಕೊಳ್ಳಿ.

ಯೂಟ್ಯೂಬ್ ಹಾಕಿದ ಕೂಡಲೇ ಫ್ಯಾನ್ ಕೂಗುವುದಕ್ಕೂ ಕಾರಣ ಇದೆ. ವಿಡಿಯೋ ಬರುವುದು ಒತ್ತಿದ ರೂಪದಲ್ಲಿ. ಅದನ್ನು ಬಿಡಿಸಲು ಚಿಪ್‌ನಲ್ಲೇ ಒಂದು ಬೇರೆ ಭಾಗ ಇರುತ್ತದೆ. ಹಳೆಯ ಚಿಪ್‌ಗಳ ಆ ಭಾಗಕ್ಕೆ ಎಚ್.264 ಎಂಬ ವಿಧಾನ ಗೊತ್ತು. ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9 ಅಥವಾ ಎವಿ1. ಇಂಟೆಲ್‌ನಲ್ಲಿ ವಿಪಿ9 ಪೂರ್ತಿಯಾಗಿ ಬಿಡಿಸುವ ಭಾಗ ಬಂದದ್ದು 7ನೇ ತಲೆಮಾರಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಆ ಹೊರೆ ಹೆಚ್ಚುಕಡಿಮೆ ಪ್ರೊಸೆಸರಿನ ತಲೆಗೇ ಬೀಳುತ್ತದೆ. ಎಚ್264ಇಫೈ ಎಂಬ ಬ್ರೌಸರ್ ವಿಸ್ತರಣೆ ಹಾಕಿದರೆ ಯೂಟ್ಯೂಬ್ ಹಳೆಯ ರೂಪದಲ್ಲೇ ಕಳಿಸುತ್ತದೆ. ಮಕ್ಕಳ ಆನ್‌ಲೈನ್ ಪಾಠಕ್ಕೆ ಅಷ್ಟು ಧಾರಾಳ.

ಮುಂಬಯಿಯಲ್ಲಿ ನಮ್ಮ ಮಕ್ಕಳಿಗೆ ಮನೆಗೆ ಕನ್ನಡ, ಶಾಲೆಗೆ ಮರಾಠಿ ಎರಡೂ ಬೇಕು. ಇದಕ್ಕೆ ಲಿನಕ್ಸ್‌ನಲ್ಲಿ ಬೇರೆ ತಂತ್ರಾಂಶ ಇಳಿಸಿಕೊಳ್ಳಬೇಕಾಗಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ವಿನ್ಯಾಸ ಇದೆ. ಕನ್ನಡ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ಅವರ ವಿನ್ಯಾಸದ ಜಾಡಿನದು. ಅದೇ ಪಟ್ಟಿಯಲ್ಲಿ ಮರಾಠಿಗೂ ಕಗಪ ಇದೆ. ಕೆ ಕೀಲಿ ಒತ್ತಿದರೆ ಅಲ್ಲಿ ಕನ್ನಡದ ಕ, ಇಲ್ಲಿ ದೇವನಾಗರಿಯ ಕ. ಒಂದನ್ನು ಕಲಿತರೆ ಎರಡೂ ಬಂತು. ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳೂ ಡೆಬಿಯನ್ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ನನಗೆ ಇದು ತುಂಬಾ ಖುಷಿಯ ವಿಷಯ.

ಹೋಟೆಲ್, ಅಂಗಡಿ ನಡೆಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಬಿಲ್ಲಿಂಗ್ ತಂತ್ರಾಂಶಗಳೂ ಬಹಳಷ್ಟು ಹಾಗೆಯೇ. ಲೆಕ್ಕ ಇರುವ ಯಂತ್ರವನ್ನು ಆತುರಪಟ್ಟು ಬದಲಿಸಬೇಡಿ. ಮನೆಯ ಲ್ಯಾಪ್‌ಟಾಪಿನಿಂದ ಶುರು ಮಾಡಿ.

ಅದಕ್ಕೂ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ಡಿಸ್ಕನ್ನು ಮುಟ್ಟದೆಯೇ ಮಿಂಟ್, ಎಂಎಕ್ಸ್ ಎರಡನ್ನೂ ಹೀಗೆ ಪರೀಕ್ಷಿಸಬಹುದು. ವೆಂಟಾಯ್ ಎಂಬ ಪ್ರೋಗ್ರಾಮ್ ಬಳಸಿದರೆ ಒಂದೇ ಪೆನ್‌ಡ್ರೈವ್‌ನಲ್ಲಿ ಹಲವು ಲಿನಕ್ಸ್ ಇಡಬಹುದು. ವೈಫೈ ಸಿಗುತ್ತದಾ, ಸ್ಪೀಕರ್, ಕ್ಯಾಮೆರಾ ಸರಿಯಾ, ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಏಳುತ್ತದಾ ಅಂತ ನೋಡಿ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಕೆಲವೊಮ್ಮೆ ಬೇರೆ ಡ್ರೈವರ್ ಹಾಕಬೇಕಾಗುತ್ತದೆ. ಅದನ್ನು ಇಳಿಸಿಕೊಳ್ಳಲು ಫೋನಿನ ಇಂಟರ್‌ನೆಟ್ಟನ್ನು ಯುಎಸ್‌ಬಿ ಕೇಬಲ್‌ನಿಂದ ಕೊಡಿ. ಎಲ್ಲ ಸರಿ ಅನ್ನಿಸಿದ ಮೇಲೆ ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಟ್ಟು, ನಕಲು ತೆರೆಯುತ್ತದೆಯೇ ಎಂದು ನೋಡಿಕೊಂಡು ಇನ್‌ಸ್ಟಾಲ್ ಒತ್ತಿ.