ಚರಂಡಿಗೆ ಹಣವಿದೆ, ರಸ್ತೆಗಿಲ್ಲ: ಪಂಚಾಯಿತಿ ಅನುದಾನ ಇಷ್ಟು ಗೋಜಲಾದದ್ದು ಹೇಗೆ?

ಗ್ರಾಮಸಭೆಗಳಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಜಗಳವೊಂದಿದೆ. ಪಂಚಾಯಿತಿ ಖಾತೆಯಲ್ಲಿ ಲಕ್ಷಗಟ್ಟಲೆ ಹಣ ಬಿದ್ದಿದೆ ಎಂದು ಮೊಬೈಲ್ ತೆರೆದು ತೋರಿಸುವವರು ಒಂದು ಕಡೆ. ‘ಹಣ ಇದೆ, ಆದರೆ ನಿಮ್ಮ ಬೀದಿಯ ರಸ್ತೆಗೆ ಬರೋದಿಲ್ಲ’ ಎನ್ನುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇನ್ನೊಂದು ಕಡೆ. ಬಹುತೇಕ ಸಂದರ್ಭಗಳಲ್ಲಿ ಇಬ್ಬರ ಮಾತೂ ನಿಜ. ಊರಿಗೆ ಬರುವ ಹಣ ಹೆಚ್ಚಿದೆ; ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಊರು ತೀರ್ಮಾನಿಸುವ ಅವಕಾಶ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ.

ಹಿಂದಿನದನ್ನು ಬೇಗ ಹೇಳಿ ಮುಗಿಸಬಹುದು. 1959ರ ಮೈಸೂರು ಗ್ರಾಮ ಪಂಚಾಯಿತಿ ಕಾಯ್ದೆಯ ಕಾಲದಲ್ಲಿ ಪಂಚಾಯಿತಿಗೆ ಕಂದಾಯದ ಚೂರುಪಾರು ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಆ ದಿನಗಳಲ್ಲಿ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ ಇತ್ತು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ಬೆನ್ನಿಗೇ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂತು. ಮಂಡಲಗಳು ಹೋಗಿ 5ರಿಂದ 7 ಸಾವಿರ ಜನಸಂಖ್ಯೆಗೊಂದು ಗ್ರಾಮ ಪಂಚಾಯಿತಿಯಾಯಿತು. ಈಗ ರಾಜ್ಯದಲ್ಲಿ ಅವುಗಳ ಸಂಖ್ಯೆ ಆರು ಸಾವಿರಕ್ಕೆ ಹತ್ತಿರ.

ದೆಹಲಿಯ ಹಣ ಪಂಚಾಯಿತಿಗೆಂದೇ ಬರತೊಡಗಿದ್ದು, ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಐದು ವರ್ಷಕ್ಕೊಮ್ಮೆ ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 10ನೆಯದರಿಂದ: 1971ರ ಜನಗಣತಿ ಲೆಕ್ಕದಲ್ಲಿ ತಲಾ 100 ರೂಪಾಯಿ. 12ನೇ ಆಯೋಗ ಇಡೀ ದೇಶದ ಪಂಚಾಯಿತಿಗಳಿಗೆ ಐದು ವರ್ಷಕ್ಕೆ 20 ಸಾವಿರ ಕೋಟಿ ಎಂದಿತು. 14ನೇ ಆಯೋಗದ ಹೊತ್ತಿಗೆ (2015–20) ಅದು 2 ಲಕ್ಷ ಕೋಟಿಗೆ ಏರಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನು ಬಿಟ್ಟು ಹಣವೆಲ್ಲ ಗ್ರಾಮ ಪಂಚಾಯಿತಿಗೇ ಬಂತು. ಅದರಲ್ಲಿ ಶೇ 90 ಮೂಲ ಅನುದಾನ, ಉಳಿದ ಶೇ 10 ಸಾಧನೆ ನೋಡಿ ಕೊಡುವಂಥದ್ದು. ನೀರು, ನೈರ್ಮಲ್ಯ, ರಸ್ತೆ, ಬೀದಿದೀಪ, ಸ್ಮಶಾನ ಹೀಗೆ ಮೂಲಸೌಕರ್ಯದ ಚೌಕಟ್ಟಿನೊಳಗೆ ಯಾವುದಕ್ಕೆ ಎಷ್ಟು ಎಂಬುದು ಸ್ಥಳೀಯರ ಆಯ್ಕೆ. ಅನೇಕ ಸದಸ್ಯರು ಇಂದಿಗೂ ಆ ಐದು ವರ್ಷಗಳನ್ನೇ ನೆನೆಯುವುದಕ್ಕೆ ಕಾರಣವಿಲ್ಲದಿಲ್ಲ.

15ನೇ ಆಯೋಗ ಬಂದಾಗ ಗಂಟು ಬಿಗಿಯಾಯಿತು. 2021–26ರ ಅವಧಿಗೆ ಗ್ರಾಮ, ತಾಲ್ಲೂಕು, ಜಿಲ್ಲೆ ಮೂರೂ ಹಂತದ ಪಂಚಾಯಿತಿಗಳು ಸೇರಿ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ. ಆದರೆ ಅದರಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕಷ್ಟೇ ಬಳಸಬೇಕಾದದ್ದು; ಊರೇ ಆಯ್ಕೆ ಮಾಡಬಹುದಾದ ಅನಿರ್ಬಂಧಿತ ಹಣ ಶೇ 40 ಮಾತ್ರ. ನಿರ್ಬಂಧಿತದಲ್ಲೂ ಅರ್ಧ ಬಯಲು ಶೌಚಮುಕ್ತ ಸ್ಥಿತಿಯ ನಿರ್ವಹಣೆ, ಕಸ ಮತ್ತು ಬಚ್ಚಲು ನೀರಿಗೆ. ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಅನಿರ್ಬಂಧಿತ ಹಣವನ್ನೂ ಸಂಬಳ, ಕಚೇರಿ ವೆಚ್ಚಕ್ಕೆ ಮುಟ್ಟುವಂತಿಲ್ಲ.

ಲೆಕ್ಕಕ್ಕೆ ಒಂದು ಪಂಚಾಯಿತಿಗೆ ವರ್ಷಕ್ಕೆ 30 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. 9 ಲಕ್ಷ ನೀರಿಗೆ, 9 ಲಕ್ಷ ನೈರ್ಮಲ್ಯಕ್ಕೆ ಹೋಯಿತು. ಉಳಿದ 12 ಲಕ್ಷದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಪಾಲು, ಅಂಗವಿಕಲರ ಪಾಲು ಎತ್ತಿಡಬೇಕು. ನಾಲ್ಕೈದು ಹಳ್ಳಿ, ಹದಿನೈದು ಇಪ್ಪತ್ತು ಸದಸ್ಯರಿರುವ ಕಡೆ ಮಿಕ್ಕದ್ದನ್ನು ಹಂಚಿದರೆ ಒಬ್ಬೊಬ್ಬರ ವಾರ್ಡಿಗೆ ಬೀಳುವುದು ಐವತ್ತು ಅರವತ್ತು ಸಾವಿರ. ಅದರಲ್ಲಿ ಆಗುವುದು ಚರಂಡಿ ದಾಟಲು ಹಾಕುವ ಒಂದು ಡೆಕ್ ಸ್ಲ್ಯಾಬ್, ಇಲ್ಲವೇ ನಾಲ್ಕು ಬೀದಿದೀಪ. ಹೀಗೆ ವಾರ್ಡುವಾರು ಸಮನಾಗಿ ಹಂಚಿಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ. ಅದು ಸಾಮಾನ್ಯ ಸಭೆಯ ಒಳಒಪ್ಪಂದ. ಎರಡು ವರ್ಷದ ಹಣ ಕೂಡಿಸಿ ಒಂದು ದೊಡ್ಡ ಕೆಲಸ ಮಾಡಿಸುವುದು ತಪ್ಪಿಹೋಗುವುದು ಬಹುಮಟ್ಟಿಗೆ ಇಲ್ಲಿಯೇ.

ರಾಜ್ಯದ ಪಾಲು ಬೇರೆ ಕಥೆ. ರಾಜ್ಯದ ಮೊದಲ ಹಣಕಾಸು ಆಯೋಗ 1996ರಲ್ಲೇ ಸಾಲೇತರ ಸ್ವಂತ ರಾಜಸ್ವದ (ಸಾಲ ಬಿಟ್ಟು ರಾಜ್ಯ ತಾನೇ ಗಳಿಸುವ ಆದಾಯದ) ಶೇ 36ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದಿತ್ತು. ಕೊಟ್ಟದ್ದರಲ್ಲಿ ದೊಡ್ಡ ಭಾಗ ಶಿಕ್ಷಕರ ಸಂಬಳದಂಥ ಇಲಾಖಾ ವೆಚ್ಚ. ಜಿಲ್ಲಾ ಪಂಚಾಯಿತಿಯ ಲೆಕ್ಕದಲ್ಲಿ ಕಾಣಿಸುತ್ತದೆ, ತಿಂಗಳ ಕೊನೆಗೆ ಖಾಲಿಯಾಗುತ್ತದೆ. ಗ್ರಾಮ ಪಂಚಾಯಿತಿಗೆ ಸಿಗುವ ಶಾಸನಬದ್ಧ ಅನುದಾನದ ಬಹುಪಾಲು ಬೀದಿದೀಪ ಮತ್ತು ನೀರಿನ ಪಂಪುಗಳ ಕರೆಂಟ್ ಬಿಲ್ಲಿಗೇ ಮೀಸಲು. ಸಭೆಯಲ್ಲಿ ಚರ್ಚಿಸಲು ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಇನ್ನೊಂದು ದಾರಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ಈಗ ವರ್ಷಕ್ಕೆ 2 ಕೋಟಿ. ಸಂಸದರ ನಿಧಿ 1993ರಲ್ಲಿ ಶುರುವಾಗಿ 2011–12ರಿಂದ 5 ಕೋಟಿಯಾಗಿದೆ. ಇವುಗಳಿಗೆ ಗ್ರಾಮಸಭೆಯ ಠರಾವು ಬೇಕಿಲ್ಲ. ಜನಪ್ರತಿನಿಧಿಯ ಶಿಫಾರಸು ಪತ್ರ, ಜಿಲ್ಲಾಡಳಿತದ ಮಂಜೂರಾತಿ ಸಾಕು. ಸಮುದಾಯ ಭವನ, ಶುದ್ಧ ನೀರಿನ ಘಟಕ, ಹೈಮಾಸ್ಟ್ ದೀಪ, ಬಸ್ ತಂಗುದಾಣ ಹೆಚ್ಚಾಗಿ ಬರುವುದು ಈ ದಾರಿಯಲ್ಲಿ. ಕಟ್ಟಿ ಮುಗಿದ ಮೇಲೆ ಆಸ್ತಿ ಪಂಚಾಯಿತಿಯ ತಲೆಗೆ ಬರುತ್ತದೆ, ನಿರ್ವಹಣೆಯ ಹಣ ಬರುವುದಿಲ್ಲ. ನಾಣ್ಯ ಹಾಕಿ 20 ಲೀಟರ್ ಹಿಡಿಯುವ ನೀರಿನ ಘಟಕದಲ್ಲಿ ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಾಗ ಬದಲಿಸಲು ನಾಣ್ಯದ ಡಬ್ಬಿಯಲ್ಲಿ ಬಿದ್ದದ್ದು ಸಾಲುವುದಿಲ್ಲ. ಕರೆಂಟ್ ಬಿಲ್ಲಿಗೇ ಅದು ಹೋಗಿರುತ್ತದೆ. ಬಾಗಿಲು ಹಾಕಿದ ಘಟಕಗಳು ಊರೂರಲ್ಲಿ ಸಿಗುವುದು ಇದರಿಂದ. ಮಂಜೂರಾತಿಯ ಹೊತ್ತಿನಲ್ಲೇ ನಿರ್ವಹಣೆ ಯಾರದು, ಹಣ ಯಾವ ಬಾಬತ್ತಿನದು ಎಂದು ಬರೆಸಿಕೊಳ್ಳುವ ಪಂಚಾಯಿತಿಗಳು ಬೆರಳೆಣಿಕೆಯಷ್ಟು.

ಹಾಗಾದರೆ ಒಂದು ಬೀದಿಯ ಕೆಲಸ ಪಂಚಾಯಿತಿ ಹಣದಲ್ಲಿ ಆಗಬೇಕಾದರೆ ಏನೇನು ದಾಟಬೇಕು? ಬೇಡಿಕೆ ಮೊದಲು ವಾರ್ಡ್ ಸಭೆಗೆ ಬರಬೇಕು, ಅಲ್ಲಿಂದ ಗ್ರಾಮಸಭೆಗೆ. ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಮುಂದಿನ ವರ್ಷದ ಯೋಜನೆಗೆ ಬೇಡಿಕೆ ಪಟ್ಟಿಯಾಗುವ ಜನ ಯೋಜನಾ ಅಭಿಯಾನ ಅಕ್ಟೋಬರ್ 2ಕ್ಕೆ ಶುರು. ಯುಗಾದಿಯ ಹೊತ್ತಿಗೆ ಅರ್ಜಿ ಹಿಡಿದು ಬಂದವರಿಗೆ ‘ಕ್ರಿಯಾ ಯೋಜನೆ ಆಗಿಹೋಯ್ತು’ ಎಂಬ ಉತ್ತರ ಸಿಗುವುದು ಅದಕ್ಕೇ.

ವರ್ಷದ ಕಾಮಗಾರಿಗಳ ಪಟ್ಟಿಯಾದ ಈ ಕ್ರಿಯಾ ಯೋಜನೆ, ಪಂಚಾಯಿತಿಗಳ ಯೋಜನೆ ಮತ್ತು ಲೆಕ್ಕ ಇರಿಸುವ ಕೇಂದ್ರದ ಇ-ಗ್ರಾಮ್‌ಸ್ವರಾಜ್ ತಂತ್ರಾಂಶಕ್ಕೆ ಏರುತ್ತದೆ. ಒಂದೊಂದು ಕೆಲಸಕ್ಕೂ ಯಾವ ಬಾಬತ್ತು ಎಂದು ಆಯ್ಕೆ ಮಾಡುವ ಕಡೆ ಎಡವಟ್ಟು ಸುಲಭ. ಉದಾಹರಣೆಗೆ, ಬಚ್ಚಲು ನೀರು ಹರಿಯುವ ಚರಂಡಿ ನೈರ್ಮಲ್ಯದ ನಿರ್ಬಂಧಿತ ಹಣಕ್ಕೆ ಹೊಂದುತ್ತದೆ. ಅದನ್ನೇ ‘ರಸ್ತೆ ಮತ್ತು ಚರಂಡಿ’ ಎಂದು ಒಟ್ಟಿಗೆ ಬರೆದರೆ ಅನಿರ್ಬಂಧಿತದ ಕೆಳಗೆ ಹೋಗಿ ಕೂರುತ್ತದೆ, ಅಲ್ಲಿ ಹಣವಿರುವುದಿಲ್ಲ. ಆಮೇಲೆ ತಿದ್ದಬೇಕಾದರೆ ಮತ್ತೆ ಠರಾವು, ಪರಿಷ್ಕೃತ ಯೋಜನೆ. ಬೇಡಿಕೆ ಬರೆದುಕೊಡುವವರು ಚರಂಡಿಯನ್ನು ಬೇರೆ, ರಸ್ತೆಯನ್ನು ಬೇರೆ ಕೆಲಸವಾಗಿ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್ ಎಂದು ಬರೆದರೆ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಯಬೇಕು. ಇಂಗುಗುಂಡಿ ಅಥವಾ ಹಳ್ಳ ಸೇರದ ಚರಂಡಿ ಮುಂದಿನ ಬೀದಿಯವರ ತಕರಾರಿಗೆ ಸಿಕ್ಕಿ ಅರ್ಧಕ್ಕೆ ನಿಲ್ಲುತ್ತದೆ.

ಅಂದಾಜು ಪಟ್ಟಿ ಮಾಡುವವರು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕಿರಿಯ ಮತ್ತು ಸಹಾಯಕ ಎಂಜಿನಿಯರುಗಳು (ಜೆಇ, ಎಇ). ಒಬ್ಬೊಬ್ಬರ ಕೈಯಲ್ಲಿ ಹಲವು ಪಂಚಾಯಿತಿಗಳಿರುವುದರಿಂದ ಅಳತೆಗೆ ಬರುವುದೇ ತಡ. ಐದು ಲಕ್ಷದ ಅಂದಾಜು ಎಂದರೆ ನೆಲದ ಮೇಲೆ ಐದು ಲಕ್ಷದ ಕೆಲಸವಲ್ಲ: 2022ರ ಜುಲೈನಿಂದ ಸ್ಥಳೀಯ ಸಂಸ್ಥೆಗಳ ಕಾಮಗಾರಿಗೆ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದೆ. ತೆರಿಗೆ ಸೇರಿಸಿಯೇ ಐದು ಲಕ್ಷವಾದರೆ ಕೆಲಸಕ್ಕೆ ಸಿಗುವುದು 4.24 ಲಕ್ಷ. ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಜಲ್ಲಿ ಮರಳಿನ ರಾಯಧನ, ಆದಾಯ ತೆರಿಗೆ ಕಡಿತವೂ ಬಿಲ್ಲಿನಲ್ಲೇ ಆಗುತ್ತವೆ. ಕಾಂಕ್ರೀಟಿನ ದಪ್ಪ ಕಡಿಮೆಯಾಗುವ ಆಸೆ ಹುಟ್ಟುವುದು ಇಂಥ ಕಡೆ.

ಅದೇ ಐದು ಲಕ್ಷಕ್ಕೆ ಇನ್ನೊಂದು ಅರ್ಥವಿದೆ. ಸರ್ಕಾರಿ ಖರೀದಿ, ಗುತ್ತಿಗೆಗಳ ಪಾರದರ್ಶಕತೆ ಕಾಯ್ದೆಯಡಿ ಆ ಮೊತ್ತವನ್ನು ಮೀರದ ಕಾಮಗಾರಿಗೆ ಟೆಂಡರ್‌ನಿಂದ ವಿನಾಯಿತಿ ಇದೆ. ಒಂದೇ ರಸ್ತೆ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಮೂರು ತುಂಡಾಗಿ, ಮೂರೂ 4.90 ಲಕ್ಷದ ಆಸುಪಾಸಿನಲ್ಲಿ ನಿಲ್ಲುವುದನ್ನು ಕ್ರಿಯಾ ಯೋಜನೆಗಳನ್ನು ಓದಿದವರು ನೋಡಿರುತ್ತಾರೆ. ತುಂಡು ಗುತ್ತಿಗೆ ಎಂಬ ಮಾತು ಸುಮ್ಮನೆ ಚಾಲ್ತಿಗೆ ಬಂದಿಲ್ಲ.

ಕೆಲಸ ಮುಗಿದರೂ ಬಿಲ್ ಆಗಲು ಅಳತೆ ಪುಸ್ತಕದಲ್ಲಿ ದಾಖಲಾತಿ, ಕೆಲಸಕ್ಕೆ ಮುನ್ನ, ನಡುವೆ ಮತ್ತು ಕೊನೆಯಲ್ಲಿ ತೆಗೆದ ಜಿಯೋ ಟ್ಯಾಗ್ ಫೋಟೊ, ಗುತ್ತಿಗೆದಾರರ ಖಾತೆಯ ನೋಂದಣಿ ಎಲ್ಲವೂ ಬೇಕು. ಕೊನೆಗೆ ಪಿಡಿಒ ಮತ್ತು ಅಧ್ಯಕ್ಷರ ಡಿಜಿಟಲ್ ಸಹಿಯ ಡೋಂಗಲ್ ಎರಡೂ ಒತ್ತಬೇಕು. ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದರೆ, ಪಿಡಿಒ ವರ್ಗವಾದರೆ ಹೊಸ ಡಿಜಿಟಲ್ ಸಹಿ ಆಗುವವರೆಗೆ ಪಾವತಿ ನಿಲ್ಲುತ್ತದೆ. ಅದು ಮಾರ್ಚ್‌ನಲ್ಲಿ ಆದರಂತೂ ಕೈಗೆ ಬಂದ ತುತ್ತು ಬಾಯಿಗೆ ಬರದ ಸ್ಥಿತಿ.

ಮೇಲಿನಿಂದ ಹಣ ಇಳಿಯುವುದೂ ಸಲೀಸಲ್ಲ. ಕಂತು ವರ್ಷಕ್ಕೆ ಎರಡು. ಕೇಂದ್ರದಿಂದ ಬಂದದ್ದನ್ನು ರಾಜ್ಯ 10 ಕೆಲಸದ ದಿನಗಳಲ್ಲಿ ದಾಟಿಸಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು. ಲೆಕ್ಕಪತ್ರ, ಲೆಕ್ಕಪರಿಶೋಧನೆ ಆನ್‌ಲೈನ್‌ನಲ್ಲಿ ಇರಬೇಕೆಂಬುದು ಷರತ್ತು. ಚುನಾಯಿತ ಮಂಡಳಿ ಇಲ್ಲದ ಕಡೆಗೆ ಈ ಅನುದಾನ ಇಲ್ಲ. ಕರ್ನಾಟಕದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು, ಅವುಗಳ ಪಾಲಿನ ಕಂತಿಗೂ ಕತ್ತರಿ ಬಿತ್ತು. ಎರಡು ಹಳ್ಳಿಗಳ ನಡುವಿನ ರಸ್ತೆ, ಸೇತುವೆಯಂತಹ ಗ್ರಾಮ ಪಂಚಾಯಿತಿಯ ಕೈಗೆ ನಿಲುಕದ ಕೆಲಸ ಹೇಳಿಕೊಳ್ಳಲು ಚುನಾಯಿತ ಬಾಗಿಲೊಂದು ಮುಚ್ಚಿತು. ಆ ಅರ್ಜಿಗಳು ಸಹಜವಾಗಿಯೇ ಶಾಸಕರ ಕಚೇರಿಯತ್ತ ತಿರುಗಿವೆ.

ಪ್ರಶ್ನೆ ಕೇಳಲು ಜನರಿಗೆ ಗ್ರಾಮಸಭೆಯಷ್ಟೇ ಅಲ್ಲ, ಜಮಾಬಂದಿಯೂ ಇದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪ್ರತಿ ಪಂಚಾಯಿತಿಯಲ್ಲಿ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳ ಬಹಿರಂಗ ಪರಿಶೀಲನೆ ಅದು. ಕಡತ ತೋರಿಸಿ ಚಹಾ ಕುಡಿದು ಮುಗಿಸುವುದು ರೂಢಿಯಾಗಿದೆ, ಆದರೆ ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡುವುದು ಜಮಾಬಂದಿಯ ಮುಖ್ಯ ಭಾಗ. ಅಂದು ಹೋಗುವವರು ಹಿಂದಿನ ದಿನವೇ ಇ-ಗ್ರಾಮ್‌ಸ್ವರಾಜ್‌ನಲ್ಲಿ ತಮ್ಮ ಪಂಚಾಯಿತಿಯ ಪುಟ ತೆರೆದು ಕೆಲಸದ ಹೆಸರು, ಬಾಬತ್ತು, ಪಾವತಿಯಾದ ಮೊತ್ತವನ್ನು ಬರೆದುಕೊಂಡರೆ, ಸ್ಥಳದಲ್ಲಿ ಅಳತೆ ಪುಸ್ತಕ ಮತ್ತು ಟೇಪು ಎರಡನ್ನೂ ಕೇಳಬಹುದು.